ಸವೆದ ಹುಲಿಯ ಬೆನ್ನುಹತ್ತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಂಗ್ಲೆಂಡಿನ ರಾದರ್‌ಹ್ಯಾಮ್‌ನ ಕಾಲುವೆ ದಂಡೆಯ ಗುಜರಿ ಅಂಗಳದಲ್ಲಿ ನೆವಿಲ್ ಸ್ಟಾನಿಫೋರ್ತ್ ಕಬ್ಬಿಣದ ಮೇಜಿನ ಮುಂದೆ ನಿಂತಿದ್ದಾರೆ. ಮೇಜಿನ ಮೇಲೆ ನಿನ್ನೆ ಸಂಜೆ ಬಂದಿಳಿದ ಹಿತ್ತಾಳೆಯ ರಾಶಿ: ನಲ್ಲಿ, ಬಾಗಿಲ ಹಿಡಿ, ಕೊಳಾಯಿಯ ತಿರುಪು, ಕಾಲು ಮುರಿದ ದೀಪದ ಕಂಬ, ಯಾರದೋ ಮನೆಯ ಊಟದ ಗಂಟೆ. ಎಡಗೈಗೆ ದಪ್ಪ ಚರ್ಮದ ಗವಸು. ಬಲಗೈ ಬರಿಗೈ. ಎರಡು ಸ್ವೆಟರಿನ ಮೇಲೆ ಕೋಟು ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡ ನಾನೇ ಗಡಗಡ ನಡುಗುತ್ತಿದ್ದೇನೆ, ಈ ಮನುಷ್ಯ ಹಿಮದಂಥ ಲೋಹವನ್ನು ಬರಿಗೈಯಲ್ಲಿ ತಡವುತ್ತಿದ್ದಾರೆ.

“ಗವಸು ಹಾಕ್ಕೊಳ್ಳೋ ಮುದುಕಾ!” ತೂಕದ ಯಂತ್ರದ ಗೂಡಿನೊಳಗಿಂದ ಡೋರೀನ್ ಕೂಗುತ್ತಾರೆ. ಅಂಗಳಕ್ಕೆ ಬರುವ ಲಾರಿಗಳನ್ನು ತೂಗುವುದು ಅವರ ಕೆಲಸ, ನೆವಿಲ್‌ರನ್ನು ರೇಗಿಸುವುದು ಅವರ ಖುಷಿ. “ಬೆರಳು ಉದುರಿ ಬಿದ್ರೆ ಅದನ್ನೂ ತೂಕಕ್ಕೆ ಹಾಕ್ತೀನಿ ನೋಡು!”

“ಹಾಕು, ಹಾಕು. ಆದ್ರೆ ತಾಮ್ರದ ರೇಟು ಕೊಡಬೇಕು ನೀನು.”

ಕೈ ರಾಶಿಯೊಳಗೆ ಹೋಗುತ್ತದೆ, ಬರುತ್ತದೆ. ನಲ್ಲಿ ಒಂದು ಡಬ್ಬಕ್ಕೆ, ಹಿಡಿ ಇನ್ನೊಂದಕ್ಕೆ. ಅಯಸ್ಕಾಂತಕ್ಕೆ ಅಂಟಿದ್ದು ಹಿತ್ತಾಳೆಯಲ್ಲ, ಅದು ಪಕ್ಕಕ್ಕೆ. ಇದ್ದಕ್ಕಿದ್ದಂತೆ ಕೈ ನಿಲ್ಲುತ್ತದೆ. ರಾಶಿಯ ತಳದಿಂದ ಮಸಿಬಳಿದ ಬಿಸ್ಕತ್ತಿನಂಥ ಏನೋ ಹೊರಗೆ ಬರುತ್ತದೆ. ಹೆಬ್ಬೆರಳು ಅದರ ಮೇಲೊಮ್ಮೆ ಓಡಾಡುತ್ತದೆ.

“ಫಿರಂಗಿ ದಂಡಿನವರದು,” ಎನ್ನುತ್ತಾರೆ, ನೋಡದೆಯೇ. “ಫಿರಂಗಿಯ ಗಾಲಿ ಸಿಕ್ತು ಬೆರಳಿಗೆ. ಇದು ಎಲ್ಲಾ ಕಡೆ ಸಿಗುತ್ತೆ ಚಿನ್ನಾ, ಹಿತ್ತಲಲ್ಲಿ ಕಳೆ ಸಿಕ್ಕಹಾಗೆ.”

ಇಲ್ಲಿ ಬಸ್ಸಿನ ಡ್ರೈವರೂ ‘ಚಿನ್ನಾ’, ಬ್ಯಾಂಕಿನ ಗುಮಾಸ್ತನೂ ‘ಚಿನ್ನಾ’. ಮೂವತ್ತು ವರ್ಷದಿಂದ ಈ ಸೀಮೆಯಲ್ಲಿ ಇದನ್ನು ಕೇಳಿಸಿಕೊಂಡು ನನಗೂ ಅಭ್ಯಾಸವಾಗಿಹೋಗಿದೆ. ಕಳೆ ಎಂದು ಬೈದರೂ ನೆವಿಲ್ ಅದನ್ನು ಡಬ್ಬಕ್ಕೆ ಎಸೆಯುವುದಿಲ್ಲ. ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕಿಕೊಳ್ಳುತ್ತಾರೆ. ಎಸೆದಿದ್ದರೆ ಅದು ಕುಲುಮೆಗೆ ಹೋಗಿ, ಕರಗಿ, ಯಾರದೋ ಬಚ್ಚಲುಮನೆಯ ನಲ್ಲಿಯಾಗಿ ಮತ್ತೆ ಹುಟ್ಟುತ್ತಿತ್ತು.

ಅದು ಟೋಪಿ ಬಿಲ್ಲೆ. ಸೈನಿಕ ತನ್ನ ಟೋಪಿಯ ಹಣೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ. ಒಂದೊಂದು ಪಲ್ಟಣಕ್ಕೆ ಒಂದೊಂದು: ಒಬ್ಬರದು ಕುದುರೆ, ಒಬ್ಬರದು ಕುರಿಮರಿ, ಒಬ್ಬರದು ಕೊಂಬಿನ ಕಹಳೆ. ಎರಡು ಮಹಾಯುದ್ಧಗಳಲ್ಲಿ ಈ ದೇಶದಲ್ಲಿ ಇಂಥ ಬಿಲ್ಲೆ ತೊಡದ ಮನೆ ಇರಲಿಲ್ಲ ಎಂದರೂ ನಡೆಯುತ್ತದೆ. ಅವನ್ನು ತೊಟ್ಟವರು ಹೋದರು, ಅವರ ಹೆಂಡಂದಿರು ಹೋದರು, ಈಗ ಮಕ್ಕಳೂ ಹೋಗುತ್ತಿದ್ದಾರೆ. ಮನೆ ಖಾಲಿ ಮಾಡಿಸುವವರು ಡ್ರಾಯರನ್ನು ತಲೆಕೆಳಗು ಮಾಡಿ ಹಳೆಯ ಬೀಗ, ಕೀಲಿಗಳ ಜೊತೆಗೆ ಇವನ್ನೂ ಗುಜರಿಗೆ ಸುರಿಯುತ್ತಾರೆ. ರಾಶಿಗೂ ಕುಲುಮೆಗೂ ನಡುವೆ ಇರುವುದು ನೆವಿಲ್‌ರ ಬಲಗೈ ಒಂದೇ.

ಎಪ್ಪತ್ತರ ಹೊಸ್ತಿಲಲ್ಲಿರುವ ಈ ಮನುಷ್ಯನ ಹೆಸರು ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಹುಡುಗನಾಗಿ ಸೇರಿದರು, ಕಾರ್ಖಾನೆ ಮುಚ್ಚಿತು. ಆಮೇಲೆ ಗಾಜಿನ ಕಾರ್ಖಾನೆ, ಅದೂ ಮುಚ್ಚಿತು. “ನಾನು ಕಾಲಿಟ್ಟ ಕಡೆ ಬೀಗ ಬೀಳುತ್ತೆ,” ಎಂದು ನಗುತ್ತಾರೆ. “ಗುಜರಿ ಮಾತ್ರ ಮುಚ್ಚಲಿಲ್ಲ. ಮುಚ್ಚಿದ್ದೆಲ್ಲ ಬರೋದು ಇಲ್ಲಿಗೇ ಅಲ್ವಾ.” ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಿಲ್ಲ. ಒಬ್ಬರು ಅಕ್ಕ ಇದ್ದಾರೆ, ಬ್ರೆಂಡಾ, ಪಕ್ಕದ ಊರಿನಲ್ಲಿ. ಪ್ರತಿ ಭಾನುವಾರ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ.

ಅಂಗಳದ ಗೇಟಿನ ಬಳಿ ವಾರಕ್ಕೊಬ್ಬರಾದರೂ ಬಂದು ನಿಲ್ಲುತ್ತಾರೆ. ಕೈಯಲ್ಲಿ ಒಂದು ಬಿಲ್ಲೆ. ಅಜ್ಜನದೋ ಮುತ್ತಜ್ಜನದೋ ಇರಬೇಕು, ಯಾವ ಪಲ್ಟಣವೋ ಗೊತ್ತಿಲ್ಲ. ಡೋರೀನ್ ಒಳಗೆ ಕಳಿಸುತ್ತಾರೆ. ನಾನಿದ್ದ ದಿನ ಬಂದವಳು ಒಬ್ಬ ನರ್ಸ್, ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಾಳೆ. ನೆವಿಲ್ ಬಿಲ್ಲೆಯನ್ನು ತಿರುಗಿಸಿ ಬೆನ್ನು ನೋಡುತ್ತಾರೆ, ಟೋಪಿಗೆ ಸಿಕ್ಕಿಸುವ ಪಟ್ಟಿಯನ್ನು ಉಗುರಿನಿಂದ ತಟ್ಟುತ್ತಾರೆ.

“ಡರ್ಹಮ್‌ನವರು. ಮೊದಲನೇ ಯುದ್ಧದ್ದು. ಬೆಳ್ಳಿ ಬಣ್ಣದ ಲೋಹಕ್ಕೆ ಬರ ಬಂತು ಆವಾಗ, ಬರೀ ಹಿತ್ತಾಳೆಲಿ ಹೊಡೆದ್ರು. ಎರಡನೇ ಯುದ್ಧದ ನಡುವೆ ಹಿತ್ತಾಳೆಗೂ ಬರ ಬಂತು, ಪ್ಲಾಸ್ಟಿಕ್‌ನಲ್ಲಿ ಮಾಡಿ ಕೊಟ್ರು! ಹುಡುಗರಿಗೆ ಎಷ್ಟು ಅವಮಾನ ಆಗಿರಬೇಕು ಯೋಚನೆ ಮಾಡಿ, ಪ್ಲಾಸ್ಟಿಕ್ ಹಾಕ್ಕೊಂಡು ಸಾಯಕ್ಕೆ ಹೋಗು ಅಂದ್ರೆ.”

“ಹೆಸರು ಗೊತ್ತಾಗುತ್ತಾ? ಯಾರದು ಅಂತ?” ಹುಡುಗಿಯ ಮುಖದಲ್ಲಿ ಆಸೆ.

“ಇಲ್ಲ ಚಿನ್ನಾ. ಬಿಲ್ಲೆ ಹೆಸರು ಹೇಳಲ್ಲ. ದಂಡು ಯಾವುದು ಅಂತ ಹೇಳುತ್ತೆ, ಅಷ್ಟೇ. ಮನೇಲಿ ಯಾರಾದ್ರೂ ಹಿರಿಯರು ಇದ್ದಾರಾ?”

“ದೊಡ್ಡತ್ತೆ ಒಬ್ಬರಿದ್ದಾರೆ.”

“ಇವತ್ತೇ ಹೋಗಿ ಕೇಳು. ನಾಳೆಗೆ ಇಟ್ಕೋಬೇಡ.” ಅದನ್ನು ಹೇಳುವಾಗ ದನಿ ಕೊಂಚ ಗಡುಸಾಗುತ್ತದೆ. ಹುಡುಗಿ ತಲೆಯಾಡಿಸಿ ಹೋಗುತ್ತಾಳೆ.

ಸಂಜೆ ನೆವಿಲ್ ನನ್ನನ್ನು ತಮ್ಮ ಹಿತ್ತಲಿನ ಶೆಡ್ಡಿಗೆ ಕರೆದೊಯ್ಯುತ್ತಾರೆ. ಗೋಡೆ ತುಂಬ ಹಸಿರು ಬಟ್ಟೆ ಹೊದಿಸಿದ ಹಲಗೆಗಳು, ಹಲಗೆ ತುಂಬ ಬಿಲ್ಲೆಗಳು. ಹೊಳೆಯುವ ಸಂಗ್ರಹ ನೋಡುವ ಆಸೆಯಲ್ಲಿ ಹೋದ ನನಗೆ, ನಿಜ ಹೇಳಬೇಕೆಂದರೆ, ನಿರಾಸೆಯೇ ಆಯಿತು. ಒಂದೂ ನೆಟ್ಟಗಿಲ್ಲ! ಕುದುರೆಗೆ ಕಾಲಿಲ್ಲ, ಸಿಂಹ ಬಳಪದ ತುಂಡಿನಂತಾಗಿದೆ, ಅಕ್ಷರಗಳು ಅಳಿಸಿಹೋಗಿವೆ. ಬೇರೆ ಸಂಗ್ರಹಕಾರರು ಇವನ್ನು ಕಸ ಎನ್ನುತ್ತಾರೆ. ಅವರಿಗೆ ಬೇಕಾದದ್ದು ಅಚ್ಚಿನಿಂದ ನಿನ್ನೆ ಬಿದ್ದಂತಿರುವ, ಗೆರೆ ಗೆರೆಯೂ ಚೂಪಾದ ಬಿಲ್ಲೆ. ಸವೆದದ್ದು ಕೈಯಲ್ಲಿದ್ದರೆ ಅದನ್ನು ಕೊಟ್ಟು, ಮೇಲಿಷ್ಟು ಸೇರಿಸಿ, ಚೂಪಾದದ್ದನ್ನು ತೆಗೆದುಕೊಳ್ಳುವುದು ಅವರ ಪದ್ಧತಿ.

“ಚೂಪಾಗಿದೆ ಅಂದ್ರೆ ಉಗ್ರಾಣದಲ್ಲಿ ಕೂತಿತ್ತು ಅಂತ ಅರ್ಥ,” ಎನ್ನುತ್ತಾರೆ ನೆವಿಲ್. “ಸವೆದಿದೆ ಅಂದ್ರೆ ಒಬ್ಬನ ತಲೆ ಮೇಲಿತ್ತು. ದಿನಾ ಬೆಳಗ್ಗೆ ಪಾಲಿಶ್ ಹಚ್ಚಿ ಉಜ್ಜಬೇಕಿತ್ತು ಅವನು, ಇಲ್ಲದಿದ್ರೆ ಸಾರ್ಜೆಂಟ್ ಜನ್ಮ ಜಾಲಾಡಿಬಿಡೋನು. ಐದಾರು ವರ್ಷ ಉಜ್ಜಿದ್ರೆ ಯಾವ ಹುಲಿ ಉಳಿಯುತ್ತೆ?”

ಹುಲಿ ಎಂದಾಗ ಅವರ ಕಣ್ಣು ನಡುವಿನ ಹಲಗೆಗೆ ಹೋಗುತ್ತದೆ. ಅಲ್ಲಿರುವುದೆಲ್ಲ ಒಂದೇ ಪಲ್ಟಣದ ಬಿಲ್ಲೆಗಳು: ಯಾರ್ಕ್ ಆ್ಯಂಡ್ ಲ್ಯಾಂಕಾಸ್ಟರ್. ಮೇಲೆ ಗುಲಾಬಿ, ಕೆಳಗೆ ಹುಲಿ, ಸುತ್ತ ಎಲೆಗಳ ಮಾಲೆ. ಗಣಿಯವರು, ಕುಲುಮೆಯವರು, ಈ ಸುತ್ತಿನ ಹುಡುಗರೇ ತುಂಬಿದ್ದ ದಂಡು. ಇಷ್ಟು ಗಂಭೀರವಾದ ಲಾಂಛನಕ್ಕೆ ಅವರೇ ಇಟ್ಟುಕೊಂಡ ಹೆಸರು ‘ಬೆಕ್ಕು ಮತ್ತು ಕೋಸು’. ಹುಲಿ ಬೆಕ್ಕಾಯಿತು, ಗುಲಾಬಿ ಎಲೆಕೋಸಾಯಿತು.

“ನಿಮ್ಮೂರಿನದೇ ಹುಲಿ ಇದು,” ಎಂದು ನನ್ನನ್ನು ಕೆಣಕುತ್ತಾರೆ. “ಇಂಡಿಯಾದಲ್ಲಿ ವರ್ಷಗಟ್ಟಲೆ ಇದ್ದು ಬಂದಿದ್ದಕ್ಕೆ ಸಿಕ್ಕಿದ್ದು. ವಾಪಸ್ ಕೇಳಬೇಡಿ ಮತ್ತೆ.”

“ಮುಖವೇ ಇಲ್ಲದ ಹುಲಿ ಇಟ್ಟುಕೊಂಡು ನಾವೇನು ಮಾಡೋಣ?” ಎನ್ನುತ್ತೇನೆ ನಾನು. ಹೌದು, ಆ ಹಲಗೆಯ ಒಂದು ಹುಲಿಗೂ ಮುಖವಿಲ್ಲ. ತಮಾಷೆಗೆ ಆಡಿದ ಮಾತು. ಅವರು ನಗಲಿಲ್ಲ.

ಆ ಪಲ್ಟಣವೇ ಈಗಿಲ್ಲ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಸರ್ಕಾರ ಇನ್ನೊಂದು ಪಲ್ಟಣದ ಜೊತೆ ಸೇರಿಕೊಳ್ಳಿ ಎಂದಾಗ ಇವರು ಒಪ್ಪಲಿಲ್ಲ, ವಿಸರ್ಜನೆಯನ್ನೇ ಆರಿಸಿಕೊಂಡರು. “ಬೇರೆಯವರ ಬಿಲ್ಲೆ ಹಾಕ್ಕೊಳ್ಳೋದಕ್ಕಿಂತ ಇಲ್ಲದೇ ಹೋಗೋದೇ ವಾಸಿ ಅಂದ್ರು. ಯಾರ್ಕ್‌ಷೈರ್ ಜನ ನೋಡಿ, ಹಟಮಾರಿಗಳು. ಅಲ್ಲಿಗೆ ಮುಗೀತು. ಹೊಸ ಬಿಲ್ಲೆ ಇನ್ನು ಹುಟ್ಟಲ್ಲ. ಇರೋದೆಷ್ಟೋ ಅಷ್ಟೇ, ಅದರಲ್ಲೂ ದಿನಾ ಒಂದಷ್ಟು ಕುಲುಮೆಗೆ ಹೋಗ್ತಿದೆ.”

ಆ ‘ಇರೋವಷ್ಟರಲ್ಲಿ’ ಒಂದು ಅವರ ತಂದೆಯದು. ಅದಕ್ಕಾಗಿಯೇ ಈ ಬರಿಗೈ.

ತಂದೆ ಅರ್ನೆಸ್ಟ್ ಸ್ಟಾನಿಫೋರ್ತ್ ಎರಡನೇ ಮಹಾಯುದ್ಧದಲ್ಲಿ ಇದೇ ಪಲ್ಟಣದ ಜೊತೆ ಇಟಲಿಯ ತೀರದಲ್ಲಿ ಇಳಿದವರು. ಜೀವಂತ ವಾಪಸು ಬಂದರು, ಉಕ್ಕಿನ ಕುಲುಮೆಯ ಕೆಲಸಕ್ಕೆ ಸೇರಿದರು. ಯುದ್ಧದ ಬಗ್ಗೆ ಮನೆಯಲ್ಲಿ ಮಾತಿಲ್ಲ. ಪ್ರತಿ ನವೆಂಬರಿನಲ್ಲಿ, ಯುದ್ಧದಲ್ಲಿ ಸತ್ತವರ ನೆನಪಿನ ಭಾನುವಾರ ಮಾತ್ರ ಡಬ್ಬಿಯಿಂದ ಬಿಲ್ಲೆ ತೆಗೆದು, ಉಜ್ಜಿ, ಕೋಟಿಗೆ ಸಿಕ್ಕಿಸಿಕೊಂಡು ಸ್ಮಾರಕದ ಮುಂದೆ ನಿಂತು ಬರುತ್ತಿದ್ದರು. ನೆವಿಲ್ ಹತ್ತು ವರ್ಷದವನಿದ್ದಾಗ ಕುಲುಮೆಯ ಅಪಘಾತದಲ್ಲಿ ಹೋಗಿಬಿಟ್ಟರು. ತಾಯಿ ಬಿಲ್ಲೆಯನ್ನು ಗಂಡುಹುಡುಗನಿಗೆ ಕೊಟ್ಟರು. ಅಕ್ಕ ಬ್ರೆಂಡಾ ಆಗ ವಯಸ್ಸಿಗೆ ಬಂದ ಹುಡುಗಿ, ಕೇಳಿದಳಂತೆ, ತಾಯಿ ಕೊಡಲಿಲ್ಲ.

“ಶಾಲೇಲಿ ಆವಾಗ ಬಿಲ್ಲೆ ಕೂಡಿಸೋ ಹುಚ್ಚು. ಎಲ್ಲರ ಅಪ್ಪಂದಿರೂ ಯುದ್ಧಕ್ಕೆ ಹೋದೋರೇ ಅಲ್ವಾ. ಒಂದು ಶನಿವಾರ ಗಣಿಯವರ ಸಭಾಭವನದಲ್ಲಿ ಬಿಲ್ಲೆ ಅದಲುಬದಲಿನ ಸಂತೆ ಆಯ್ತು. ಯಾರೋ ಊರು ಸುತ್ತೋ ಮನುಷ್ಯ ಮೇಜು ಹಾಕಿದ್ದ. ಅವನ ಹತ್ರ ಇದೇ ಬೆಕ್ಕು–ಕೋಸು ಇತ್ತು. ಏನು ಚೂಪು ಅಂತೀರಿ! ಹುಲಿಯ ಪಟ್ಟೆ ಎಣಿಸಬಹುದಿತ್ತು. ನನ್ನ ಕೈಲಿದ್ದದ್ದು ಸೋಪಿನ ಚೂರಿನ ಹಾಗೆ ಸವೆದಿದ್ದು. ‘ಅದನ್ನ ಕೊಡು ಮಗಾ, ಇದನ್ನ ತಗೋ’ ಅಂದ. ಎರಡೂ ಒಂದೇ ಪಲ್ಟಣ. ಒಂದೇ ಬಿಲ್ಲೆ. ಹಳೇದು ಕೊಟ್ಟು ಒಳ್ಳೇದು ತಗೊಂಡೆ ಅಂತಲೇ ಅಂದ್ಕೊಂಡೆ. ಅಪ್ಪನಿಗೆ ಮರ್ಯಾದೆ ಮಾಡಿದೆ ಅಂದ್ಕೊಂಡೆ.”

ಹಲಗೆಯ ಬಟ್ಟೆಯ ಮೇಲಿನ ಧೂಳನ್ನು ಸುಮ್ಮನೆ ಒರೆಸುತ್ತಾರೆ.

ಆ ನವೆಂಬರಿನಲ್ಲಿ ಬ್ರೆಂಡಾ ಡಬ್ಬಿ ತೆರೆದು ಬಿಲ್ಲೆಯನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಒಮ್ಮೆ ಸವರಿದರು. “ಇದು ಅಪ್ಪಂದಲ್ಲ,” ಎಂದರು. ತಮ್ಮ ಹೇಳಿದ್ದನ್ನು ಕೇಳಿಸಿಕೊಂಡು, ಬಿಲ್ಲೆಯನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದರು. ಬೈಯಲಿಲ್ಲ, ಅಳಲಿಲ್ಲ. “ಒದ್ದಿದ್ರೂ ಚೆನ್ನಾಗಿತ್ತು,” ಎನ್ನುತ್ತಾರೆ ನೆವಿಲ್. ಆವತ್ತಿನಿಂದ ಅಕ್ಕ–ತಮ್ಮ ಹವಾಮಾನ, ಫುಟ್‌ಬಾಲು, ಮಂಡಿನೋವು ಎಲ್ಲವನ್ನೂ ಮಾತಾಡಿದ್ದಾರೆ. ಆ ಬಿಲ್ಲೆಯ ಮಾತು ಮಾತ್ರ ಎತ್ತಿಲ್ಲ. ಹೆಮ್ಮೆಯಿಂದ ತಂದ ಆ ಚೂಪಾದದ್ದು ಹಳೆಯ ಅಚ್ಚಿನಲ್ಲಿ ಹೊಸದಾಗಿ ಒತ್ತಿದ ನಕಲು ಎಂಬುದು ಅವರಿಗೆ ಗೊತ್ತಾಗಿದ್ದು ಬೆಳೆದು ದೊಡ್ಡವರಾದ ಮೇಲೆ. ಮೇಜು ಹಾಕಿದ್ದ ಮನುಷ್ಯ ಯಾರು, ಎಲ್ಲಿಯವನು, ಯಾರಿಗೂ ತಿಳಿಯದು.

ಅಂದಿನಿಂದ ಹುಡುಕಾಟ. ವಾರವೆಲ್ಲ ಗುಜರಿಯಲ್ಲಿ, ಭಾನುವಾರ ಬೆಳಗ್ಗೆ ಬಯಲು ಸಂತೆಯಲ್ಲಿ. ಗುರುತು ಒಂದೇ: ಮುಖ ಸವೆದ ಹುಲಿ. ಹುಲಿಯ ಮುಖವೇ ಬಿಲ್ಲೆಯಲ್ಲಿ ಎಲ್ಲಕ್ಕಿಂತ ಉಬ್ಬಿದ ಜಾಗ, ಉಜ್ಜಿದಾಗ ಮೊದಲು ಹೋಗುವುದೂ ಅದೇ. ಅಷ್ಟು ಸವೆದಿದ್ದ ಅಪ್ಪನ ಬಿಲ್ಲೆಯಲ್ಲಿ ಮುಖ ಎಲ್ಲಿ ಉಳಿದಿರಬೇಕು?

“ಈಗ ಸಿಕ್ಕಿ ಏನಾಗಬೇಕು ನೆವಿಲ್?” ಎಂದು ಕೇಳಿಯೇಬಿಟ್ಟೆ. ಒರಟಾಯಿತೇನೋ, ಆದರೆ ಕೇಳದೆ ಇರಲಾಗಲಿಲ್ಲ.

“ಬ್ರೆಂಡಾ ಕೈಲಿ ಇಡಬೇಕು. ಅಷ್ಟೇ. ಕಣ್ಣು ಹೋಗ್ತಾ ಇದೆ ಅವಳದು, ಡಾಕ್ಟರ್ ಕೈಚೆಲ್ಲಿದಾರೆ. ಹೃದಯಾನೂ ಅಷ್ಟಕ್ಕಷ್ಟೇ. ಅವಳು ಇರೋವಾಗಲೇ ಇಡಬೇಕು. ಆಮೇಲೆ ಸಿಕ್ಕಿದ್ರೆ ಅದನ್ನ ತಗೊಂಡು ನಾನು ಯಾರಿಗೆ ತೋರಿಸಲಿ?”

ಭಾನುವಾರ. ಊರ ಹೊರಗಿನ ಬಯಲಿನಲ್ಲಿ ಕಾರುಗಳ ಡಿಕ್ಕಿ ತೆರೆದುಕೊಂಡು ಜನ ಹಳೆಯ ಸಾಮಾನು ಹರವಿ ಕೂತಿದ್ದಾರೆ. ಅಕ್ಟೋಬರಿನ ಬೆಳಗು, ಮಬ್ಬುಗತ್ತಲೆ ಇನ್ನೂ ಕರಗಿಲ್ಲ, ಟಾರ್ಚುಗಳು ಮಿಣುಕುತ್ತಿವೆ. ಹುರಿದ ಹಂದಿಮಾಂಸ ಮತ್ತು ಈರುಳ್ಳಿಯ ವಾಸನೆ. ನೆವಿಲ್ ಟಾರ್ಚು ಹಚ್ಚುವುದಿಲ್ಲ. ಗುಂಡಿ ತುಂಬಿದ ಡಬ್ಬ, ಚಮಚ ತುಂಬಿದ ಟ್ರೇ, ಎಲ್ಲದರೊಳಕ್ಕೂ ಬಲಗೈ ಇಳಿಸುತ್ತಾ ಸಾಲಿನುದ್ದಕ್ಕೂ ಸಾಗುತ್ತಾರೆ.

“ಏನು ಮಾವಾ, ಕೋಳಿ ಮೊಟ್ಟೆ ಹುಡುಕ್ತಿದೀಯಾ?” ಎನ್ನುತ್ತಾನೆ ಒಬ್ಬ ವ್ಯಾಪಾರಿ. ನೆವಿಲ್‌ಗೆ ಅದು ಮಾಮೂಲು.

ಒಂದು ಹುಲಿ ಬಂತು. ಸವರಿದರು, ಮುಖ ಕೈಗೆ ಹತ್ತಿತು, ವಾಪಸು ಹಾಕಿದರು. ಮುಂದಿನ ಸಾಲಿನಲ್ಲಿ, ಕತ್ತರಿ–ಗಡಿಯಾರದ ಚೂರುಗಳ ಪೆಟ್ಟಿಗೆಯಲ್ಲಿ, ಕೈ ನಿಂತಿತು. ಬಹಳ ಹೊತ್ತು ನಿಂತಿತು. ಹೊರಗೆ ಬಂದದ್ದು ಯಾರ್ಕ್ ಆ್ಯಂಡ್ ಲ್ಯಾಂಕಾಸ್ಟರ್ ಬಿಲ್ಲೆ, ಹುಲಿಯ ಮುಖ ನಯವಾದ ಕಲ್ಲಿನಂತೆ ಬೋಳು. ಗುಲಾಬಿ ಅರ್ಧ ಅಳಿಸಿದೆ. ಬೆನ್ನಿನ ಪಟ್ಟಿ ಅಸಲು. ಇಂಥವು ಅವರ ಹಲಗೆಯಲ್ಲಿ ಬೇಕಾದಷ್ಟಿವೆಯಲ್ಲ ಎಂದೆ.

“ಇದ್ದಾವೆ. ಆದ್ರೆ ಇಷ್ಟು ಸವೆದದ್ದಿಲ್ಲ. ನಿಜವಾಗ್ಲೂ ಇದೇ ಅನಿಸ್ತಿದೆ ನನಗೆ.” ದುಡ್ಡು ಕೊಟ್ಟು ಬಿಲ್ಲೆಯನ್ನು ಜೇಬಿಗಿಳಿಸಿದರು. “ಇಷ್ಟು ವರ್ಷ ಒಂದನ್ನೂ ಅವಳ ಮುಂದೆ ಇಟ್ಟಿಲ್ಲ, ಧೈರ್ಯ ಬಂದಿಲ್ಲ. ಇವತ್ತು ಇಡ್ತೀನಿ. ನೀವೂ ಬನ್ನಿ. ನೀವಿದ್ರೆ ಅವಳು ಬೈಯಲ್ಲ.”

ಬ್ರೆಂಡಾರ ಮನೆ ಎರಡನೇ ಮಹಡಿಯಲ್ಲಿ. ಎಪ್ಪತ್ತೆಂಟರ ಗಟ್ಟಿ ಹೆಂಗಸು, ಮಾತಿನಲ್ಲಿ ಚುರುಕು. ಎದುರಿಗಿರುವುದು ನೇರವಾಗಿ ಕಾಣುವುದಿಲ್ಲವಾದ್ದರಿಂದ ತಲೆಯನ್ನು ಕೊಂಚ ಓರೆ ಮಾಡಿ ನೋಡುತ್ತಾರೆ. ತಟ್ಟೆ ತುಂಬ ಮಾಂಸದ ಗ್ರೇವಿ ಸುರಿದ, ಹಿಟ್ಟು–ಮೊಟ್ಟೆ ಕಲಸಿ ಉಬ್ಬಿಸಿದ ಯಾರ್ಕ್‌ಷೈರ್ ಪುಡಿಂಗ್ ಮೊದಲು. ಅದು ಮುಗಿಯದೆ ಮಾಂಸವೂ ಇಲ್ಲ, ಮಾತೂ ಇಲ್ಲ. ನೆವಿಲ್ ಫೋನ್ ಮಾಡಿ ಹೇಳಿದ್ದರಿಂದ, ಮಾಂಸ ತಿನ್ನದ ನನಗೆಂದು ಈರುಳ್ಳಿಯ ಗ್ರೇವಿ ಬೇರೆ ಮಾಡಿಟ್ಟಿದ್ದಾರೆ. ನೆವಿಲ್ ತಟ್ಟೆ ಕೆದಕುತ್ತಾ ಕೂತಿದ್ದಾರೆ.

“ಏನೋ ಆಗಿದೆ ಇವನಿಗೆ,” ಎನ್ನುತ್ತಾರೆ ಬ್ರೆಂಡಾ ನನಗೆ. “ನನ್ನ ಪುಡಿಂಗ್ ಬಿಟ್ಟೋನಲ್ಲ. ಹೆಂಗಸು ಗಿಂಗಸು ಏನಾದ್ರೂ ಸಿಕ್ಕಳಾ ಗುಜರಿಯಲ್ಲಿ?”

ನೆವಿಲ್ ಜೇಬಿಗೆ ಕೈ ಹಾಕಿ, ಬಿಲ್ಲೆಯನ್ನು ಅಕ್ಕನ ತಟ್ಟೆಯ ಪಕ್ಕ ಇಟ್ಟರು. “ಬ್ರೆಂಡಾ. ಇದನ್ನೊಂದು ಸಲ ನೋಡು.”

“ನೋಡೋಕೆ ಕಣ್ಣೆಲ್ಲಿದೆಯೋ ನನಗೆ?” ಎನ್ನುತ್ತಲೇ ಎತ್ತಿಕೊಂಡರು. ಬೆರಳು ಓಡಿತು. ಮುಖದ ಮೇಲಿನ ನಗೆ ಮೆಲ್ಲಗೆ ಇಳಿಯಿತು. “ಬೆಕ್ಕು–ಕೋಸು.”

“ಹೂಂ.”

“ಮುಖ ಎಲ್ಲಿ ಇದರದ್ದು?”

“ಸವೆದಿದೆ. ಅಪ್ಪಂದೂ ಹಾಗೇ ಅಲ್ವಾ ಇದ್ದದ್ದು?”

ಬ್ರೆಂಡಾ ಬಿಲ್ಲೆಯನ್ನು ಮೇಜಿನ ಮೇಲಿಟ್ಟರು. “ಯಾರು ಹೇಳಿದ್ದು ನಿನಗೆ? ಅಪ್ಪನ ಹುಲಿಗೆ ಮುಖ ಇತ್ತು ಕಣೋ. ಮೀಸೆ ಸಮೇತ ಇತ್ತು. ಬಾಲ ಇರಲಿಲ್ಲ, ಬೆನ್ನಿರಲಿಲ್ಲ, ಕೋಸಂತೂ ಪೂರಾ ಬೋಳು. ಮುಖ ಮಾತ್ರ ಇತ್ತು.”

“ಅದು ಹೆಂಗಾಗುತ್ತೆ ಬ್ರೆಂಡಾ? ಮೊದಲು ಹೋಗೋದೇ ಮುಖ. ಉಬ್ಬಿರೋ ಜಾಗ ಅದು. ನೂರಾರು ನೋಡಿದೀನಿ ನಾನು...”

“ನೀನು ನೂರಾರು ನೋಡಿದೀಯ. ನಾನು ಒಂದನ್ನ ನೋಡಿದೀನಿ.” ದನಿ ಏರಿತು. “ಅಪ್ಪ ಉಜ್ಜೋವಾಗ ತೊಡೆ ಮೇಲೆ ಕೂರಿಸ್ಕೊಳ್ಳೋರು ನನ್ನ. ‘ಬೆರಳಿಡು ಕೂಸೇ’ ಅನ್ನೋರು. ಹುಲಿ ಮುಖದ ಮೇಲೆ ನನ್ನ ಹೆಬ್ಬೆರಳು. ಸುತ್ತ ಎಲ್ಲಾ ಉಜ್ಜೋರು, ಮುಖ ಬಿಟ್ಟು. ನಾನು ಹುಟ್ಟೋಕೆ ಮುಂಚೆ ತಮ್ಮ ಬೆರಳೇ ಇಟ್ಕೊಂಡು ಉಜ್ಜುತಿದ್ರಂತೆ, ದಂಡಿನಲ್ಲೂ ಅಷ್ಟೇ, ಜೊತೆಯವರೆಲ್ಲ ನಗ್ತಿದ್ರಂತೆ. ಯಾಕಪ್ಪಾ ಅಂತ ಕೇಳಿದ್ದಕ್ಕೆ ಒಂದೇ ಸಲ ಹೇಳಿದ್ರು. ‘ಮುಖ ಹೋದ ಹುಡುಗರನ್ನ ಎತ್ತಿ ಸಾಕಾಗಿತ್ತು ಕೂಸೇ, ಹುಲೀದಾದ್ರೂ ಇರಲಿ ಅಂತ.’”

ಗ್ರೇವಿ ತಟ್ಟೆಯಲ್ಲಿ ಗಟ್ಟಿಯಾಗುತ್ತಿತ್ತು. ನೆವಿಲ್‌ರ ಮುಖ ನೋಡಲು ನನಗೆ ಸಂಕಟವಾಯಿತು. ಸಾವಿರಾರು ಬಿಲ್ಲೆಗಳನ್ನು ಮುಟ್ಟಿ ಕಲಿತ ವಿದ್ಯೆ, ತಾನು ಹುಡುಗನಾಗಿ ಕೈಯಲ್ಲಿ ಹಿಡಿದಿದ್ದ ಒಂದರ ನೆನಪನ್ನು ಅಳಿಸಿ ಹಾಕಿತ್ತು. ಎಲ್ಲ ಹುಲಿಗಳ ಮುಖ ಸವೆಯುತ್ತದೆ, ಆದ್ದರಿಂದ ಅಪ್ಪನದೂ ಸವೆದಿತ್ತು ಎಂದು ಅವರು ನಂಬಿಬಿಟ್ಟಿದ್ದರು.

“ಮುಖ ಇರೋದನ್ನೆಲ್ಲ ವಾಪಸ್ ಹಾಕಿದೀನಿ,” ಎಂದರು ಕೊನೆಗೆ. “ಇಷ್ಟು ವರ್ಷ. ಮುಟ್ಟೋದು, ಮುಖ ಸಿಗ್ತಾ, ವಾಪಸ್. ಗುಜರಿಯಲ್ಲಿ ಸಿಕ್ಕಿದ್ದನ್ನ ಕೇಳಿದವರಿಗೆ ಕೊಟ್ಟುಬಿಟ್ಟಿದೀನಿ. ಇವತ್ತು ಬೆಳಗ್ಗೆ ಕೂಡ ಒಂದು... ನನ್ನ ಕೈಗೇ ಬಂದು ಹೋಗಿರಬಹುದು ಬ್ರೆಂಡಾ. ನಾನೇ ಬಿಟ್ಟಿರಬಹುದು.”

“ನನ್ನ ಕೇಳಬಾರದಿತ್ತಾ?”

“ಹೆಂಗೆ ಕೇಳಲಿ?”

“ಬಾಯಲ್ಲಿ! ಬಾಯಲ್ಲಿ ಕೇಳೋದು!” ಬ್ರೆಂಡಾ ಮೇಜು ಗುದ್ದಿದರು. ಚಮಚಗಳು ಕುಣಿದವು. ಆಮೇಲೆ ಅತ್ತರು. ತಮ್ಮನ ತೋಳನ್ನು ತಡಕಿ ಹಿಡಿದುಕೊಂಡು, ನಾನು ಇರುವುದನ್ನೂ ಲೆಕ್ಕಿಸದೆ, ಜೋರಾಗಿಯೇ ಅತ್ತರು. “ನಾನಾದ್ರೂ ಹೇಳಬಹುದಿತ್ತು. ಸಿಟ್ಟಿತ್ತು ಕಣೋ ನನಗೆ. ನಿನ್ನ ಮೇಲಲ್ಲ. ಅಮ್ಮನ ಮೇಲೆ. ಬೆರಳಿಟ್ಟು ಕಾದೋಳು ನಾನು, ಬಿಲ್ಲೆ ನಿನಗೆ. ಗಂಡುಹುಡುಗ ಅಂತ. ಹೇಳಿದ್ರೆ ಸಣ್ಣತನ ಅಂತ ಬಾಯಿ ಕಟ್ಕೊಂಡು ಕೂತೆ.”

“ನಿನಗೇ ಕೊಡಬೇಕಿತ್ತು ಅಮ್ಮ.”

“ಕೊಡಬೇಕಿತ್ತು. ನೀನಾದ್ರೂ ಒಪ್ಪಿದ್ಯಲ್ಲ, ಸಾಕು ಬಿಡು.” ಮೂಗು ಒರೆಸಿಕೊಂಡರು. “ಎಷ್ಟು ಹೊತ್ತಿಗೆ ಹೊರಡ್ತೀಯ ನೀನು ಆ ಸಂತೆಗೆ?”

“ಕತ್ತಲಿರುತ್ತೆ. ನಿನಗಾಗಲ್ಲ.”

“ನನಗೆ ಕತ್ತಲೇನು, ಬೆಳಕೇನು. ಹಾರ್ನ್ ಹೊಡೀಬೇಡ, ಪಕ್ಕದ ಮನೆಯೋರು ಮಲಗಿರ್ತಾರೆ. ನಾನೇ ಕೆಳಗೆ ಬಂದು ನಿಂತಿರ್ತೀನಿ.”

ಮತ್ತೊಂದು ಭಾನುವಾರ. ಅದೇ ಬಯಲು, ಅದೇ ಚಳಿ. ನೆವಿಲ್ ಒಂದು ಮಡಚುವ ಕುರ್ಚಿ ಹೊತ್ತು ಮುಂದೆ ನಡೆಯುತ್ತಾರೆ. ಪ್ರತಿ ಕಾರಿನ ಮುಂದೆ ಅದನ್ನು ಬಿಡಿಸಿ ಅಕ್ಕನನ್ನು ಕೂರಿಸುತ್ತಾರೆ. ಪೆಟ್ಟಿಗೆಯನ್ನು ಎತ್ತಿ ಆಕೆಯ ತೊಡೆಯ ಮೇಲಿಡುತ್ತಾರೆ. ಬ್ರೆಂಡಾ ಅವಸರ ಮಾಡುವುದಿಲ್ಲ. ಒಂದೊಂದನ್ನೂ ಎತ್ತಿ, ಸವರಿ, ತಲೆಯಾಡಿಸಿ, ತಮ್ಮನ ಕೈಗೆ ಕೊಡುತ್ತಾರೆ. ಈ ಬಿಲ್ಲೆ ಸಿಗುವ ಸಾಧ್ಯತೆ ಎಷ್ಟೆಂದು ಇಬ್ಬರಿಗೂ ಗೊತ್ತು. ಅದು ಎಂದೋ ಕರಗಿ ಹೋಗಿರಬಹುದು, ಯಾರದೋ ಹಲಗೆಯ ಮೇಲಿರಬಹುದು. ಸಾಲಿನ ಕೊನೆಯಲ್ಲಿ ಸಾಮಾನು ಹರವಿ ಕೂತ ಹೆಂಗಸು, ಇವರು ಇಷ್ಟು ಹೊತ್ತು ತಡಕುವುದನ್ನು ನೋಡಿ ಕೇಳುತ್ತಾಳೆ, “ಏನು ಹುಡುಕ್ತಿದೀರಾ ಅಜ್ಜೀ?”

“ನಮ್ಮಪ್ಪನ್ನ, ಚಿನ್ನಾ,” ಎನ್ನುತ್ತಾರೆ ಬ್ರೆಂಡಾ, ಪೆಟ್ಟಿಗೆಯಿಂದ ಕೈ ತೆಗೆಯದೆ. “ಬೇರೆಲ್ಲಾ ಸವೆದುಹೋಗಿದೆ, ಮುಖ ಒಂದು ಉಳಿದಿದೆ. ಕಂಡ್ರೆ ಎತ್ತಿಡು, ಬೇರೆ ಯಾರಿಗೂ ಕೊಡಬೇಡ.”